ಅಕ್ಕನ ಅರಿವು ಕೇಂದ್ರಕ್ಕೆ ಲೆಸ್ಟರ್‌ನಿಂದ ಒಂದು ಕಾಗದ

ಲೆಸ್ಟರ್, ಇಂಗ್ಲೆಂಡ್
ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಾನಿಲ್ಲಿ ಕ್ಷೇಮ. ಅಪ್ಪ, ಅವ್ವ, ಭಾವ, ಮಕ್ಕಳು ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಅವ್ವನ ಮಂಡಿ ನೋವು ಹೇಗಿದೆ?

ನಮ್ಮೂರ ಅರಿವು ಕೇಂದ್ರದ, ಅಂದರೆ ಪಂಚಾಯಿತಿ ಲೈಬ್ರರಿಯ, ಮೇಲ್ವಿಚಾರಕಿ ಕೆಲಸ ನಿನಗೆ ಸಿಕ್ಕಿತು ಅಂತ ಭಾವ ಹೇಳಿದಾಗ ಎಷ್ಟು ಖುಷಿಯಾಯಿತು ಗೊತ್ತಾ? ಆದರೆ ಮೊನ್ನೆ ನೀನು, "ಪೇಪರ್ ಓದೋ ನಾಲ್ಕು ಗಂಡಸರು ಬಿಟ್ಟರೆ ಯಾರೂ ಬರಲ್ಲ ಕಣೋ, ಏನ್ ಮಾಡ್ಲಿ" ಅಂದೆ. ಫೋನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಜನರನ್ನು ಒಳಗೆ ಬರಮಾಡಿಕೊಳ್ಳುವುದು ಹೇಗೆ ಅನ್ನುವುದನ್ನೇ ನಾನು ಇಲ್ಲಿ ಓದುತ್ತಿರುವುದು ಅಲ್ವಾ. ಮ್ಯೂಸಿಯಂ ನಡೆಸುವುದನ್ನು ಕಲಿಸೋಕೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ 1966ರಿಂದ ಒಂದು ವಿಭಾಗ ಇದೆ. ಪಾಠದ ಜೊತೆಗೆ ಶನಿವಾರ ಒಂದು ಸಣ್ಣ ಮ್ಯೂಸಿಯಂನ ಬಾಗಿಲಲ್ಲಿ ನಿಲ್ಲುತ್ತೇನೆ. ಬಂದವರನ್ನು ಮಾತಾಡಿಸಬೇಕು, ಕೈಯಲ್ಲಿರುವ ಎಣಿಕೆ ಯಂತ್ರ ಒತ್ತಬೇಕು. ತಲೆಗೆ ಒಂದು ಸಲ ಟಿಕ್. ಅಷ್ಟೇ. ಹೆಸರು ಕೇಳುವುದಿಲ್ಲ, ಸಹಿ ಹಾಕಿಸುವುದಿಲ್ಲ.

ಮೊದಲ ಶನಿವಾರದ ಒಂದು ಸಂಗತಿ ಹೇಳುತ್ತೇನೆ. ಈ ಊರಲ್ಲಿ ಗುಜರಾತಿಗಳು ಜಾಸ್ತಿ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದಾಗ ಎಷ್ಟೋ ಕುಟುಂಬಗಳು ಇಲ್ಲಿಗೆ ಬಂದು ನೆಲೆ ನಿಂತವು. ಅವತ್ತು ಒಬ್ಬರು ಅಜ್ಜಿ, ಸೀರೆ ಮೇಲೆ ದಪ್ಪ ಸ್ವೆಟರ್, ಗಾಜಿನ ಬಾಗಿಲಾಚೆ ನಿಂತು ಒಳಗೆ ಇಣುಕುತ್ತಿದ್ದರು. ಬಂದರೆ ಮಾತಾಡಿಸೋಣ ಅಂತ ನಾನು ಮೇಜಿನ ಹಿಂದೆಯೇ ನಿಂತಿದ್ದೆ. ನನಗೆ ಕೆಲಸ ಕಲಿಸುವ ಹಿರಿಯ ಹೆಂಗಸು ಎದ್ದು ಹೊರಗೇ ಹೋದರು. ಬಾಗಿಲು ಹಿಡಿದುಕೊಂಡು, "ಚಳಿ ಇದೆ, ಒಳಗೆ ಬನ್ನಿ. ದುಡ್ಡೇನೂ ಕೊಡಬೇಕಾಗಿಲ್ಲ" ಅಂದರು. ಗೋಡೆಗೆ ನೇತುಹಾಕಿದ್ದ ಮಡಚುವ ಸ್ಟೂಲ್ ಒಂದನ್ನು ತೆಗೆದು ಕೈಗೆ ಕೊಟ್ಟರು. ಎಲ್ಲಿ ಬೇಕಾದರೂ ಹಾಕಿಕೊಂಡು ಕೂರಬಹುದು.

ಅಜ್ಜಿ ಹಳೇ ಹೊಲಿಗೆ ಮೆಷಿನ್ ಒಂದರ ಮುಂದೆ ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ಕೂತರು. ಆಮೇಲೆ ನನ್ನನ್ನು ಕರೆದು, ದಾರ ಪೋಣಿಸಿರುವುದು ತಪ್ಪು ಅಂತ ಬೆರಳಿಟ್ಟು ತೋರಿಸಿದರು. ಇಲ್ಲಿನ ಬಟ್ಟೆ ಫ್ಯಾಕ್ಟರಿಯಲ್ಲಿ ಅಂಥದೇ ಮೆಷಿನ್ ಮೇಲೆ ಇಪ್ಪತ್ತು ವರ್ಷ ದುಡಿದಿದ್ದರಂತೆ! ನಮ್ಮ ಹಿರಿಯರು ಪುಸ್ತಕ ತಂದು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡರು. ನಾನು ಮೇಜಿನ ಹಿಂದೆಯೇ ನಿಂತಿದ್ದಿದ್ದರೆ ಅಜ್ಜಿ ಆ ಬಾಗಿಲಿಂದಲೇ ಹಿಂದಕ್ಕೆ ಹೋಗುತ್ತಿದ್ದರು ಅಕ್ಕ.

ಆವತ್ತು ರಾತ್ರಿ ನನಗೆ ಅಪ್ಪನದೇ ನೆನಪು. ನಾನು ಪಿಯುಸಿಯಲ್ಲಿದ್ದಾಗ ನಮ್ಮೂರ ಕೆರೆಯ ಹಳೇ ದಾಖಲೆ ಹುಡುಕಿಕೊಂಡು ಅಪ್ಪನೂ ನಾನೂ ಮೈಸೂರಿಗೆ ಹೋಗಿದ್ದೆವಲ್ಲ. ಎಲ್ಲಿಗೆ ಅಂತ ಬರೆಯುವುದಿಲ್ಲ, ನಿನಗೆ ಗೊತ್ತು. ಅಪ್ಪ ಯಾರೂ ಹೇಳದೆ ತಾವೇ ಹೊರಗೆ ಚಪ್ಪಲಿ ಬಿಟ್ಟರು, ದೇವಸ್ಥಾನದಲ್ಲಿ ಬಿಟ್ಟ ಹಾಗೆ. ಬರಿಗಾಲಲ್ಲಿ ಕಲ್ಲಿನ ನೆಲದ ಮೇಲೆ ನಿಂತರು. ಕೂತಿದ್ದವರು ತಲೆ ಎತ್ತದೆ "ಏನು? ಲೆಟರ್ ಇದೆಯಾ?" ಅಂದರು. ಲೆಟರ್ ಇರಲಿಲ್ಲ. ಯಾರಿಂದ ತರಬೇಕು, ಯಾವಾಗ ಬರಬೇಕು ಅಂತಾನೂ ಹೇಳಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಕೆರೆ ವಿಷಯ ಮತ್ತೆ ಎತ್ತಲೇ ಇಲ್ಲ.

ಹಳೇ ಕಾಗದ ಜೋಪಾನ ಮಾಡಬೇಕು, ಕಂಡಕಂಡವರ ಕೈಗೆ ಕೊಡಲಾಗದು, ಒಪ್ಪುತ್ತೇನೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ನಿಯಮ ಬೇಕಾದಷ್ಟಿದೆ. ಓದುವ ಕೋಣೆಯಲ್ಲಿ ಪೆನ್ನು ಮುಟ್ಟುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಚೀಲ ಹೊರಗೆ. ಆದರೆ ಆ ನಿಯಮಗಳನ್ನು ಮೊದಲೇ ತಿಳಿಸಿರುತ್ತಾರೆ. ಲಂಡನ್ನಿನಲ್ಲಿ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನವರು 2025ರಲ್ಲಿ ಉಗ್ರಾಣವನ್ನೇ ಜನರಿಗೆ ತೆರೆದಿಟ್ಟಿದ್ದಾರೆ. ಮುಂಚೆಯೇ ಬುಕ್ ಮಾಡಿದರೆ ಸಾಕು, ಐದು ವಸ್ತುಗಳವರೆಗೆ ನಮ್ಮ ಮುಂದೆ ತಂದಿಡುತ್ತಾರೆ. ಯಾಕೆ ನೋಡಬೇಕು ಅಂತ ಪತ್ರ ತರಬೇಕಾಗಿಲ್ಲ. ಕಾಸೂ ಇಲ್ಲ.

ನಮ್ಮ ಕಡೆ ಇಂಥದ್ದು ಇಲ್ಲ ಅಂತಲ್ಲ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ಪುಸ್ತಕ ಮನೆಗೆ ಯಾರು ಬೇಕಾದರೂ ಹೋಗಬಹುದು. ಒಂದು ಭಾನುವಾರ ಬಿಡುವು ಮಾಡಿಕೊಂಡು ನೋಡಿಕೊಂಡು ಬಾ. ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸದ ಜಾನಪದ ಮ್ಯೂಸಿಯಂಗೆ ಅವ್ವನನ್ನು ಕರೆದುಕೊಂಡು ಹೋದದ್ದು ನೆನಪಿದೆಯಾ? ಕೊಳಗ, ಸೇರು ನೋಡಿದ್ದೇ ತಡ, ಕಣದಲ್ಲಿ ರಾಗಿ ಅಳೆಯುವಾಗ ಒಂದು ಅನ್ನದೆ "ಲಾಭ" ಅಂತ ಶುರು ಮಾಡುವುದನ್ನು ಜೋರು ದನಿಯಲ್ಲಿ ಹೇಳತೊಡಗಿದಳು. ಅಲ್ಲಿದ್ದವರು ಸುಮ್ಮನಿರಿ ಅನ್ನಲಿಲ್ಲ. ಪಕ್ಕ ಬಂದು ನಿಂತು ಕೇಳಿದರು. ಅವ್ವ ಈಗಲೂ ಅದನ್ನು ಹೇಳಿಕೊಳ್ಳುತ್ತಾಳೆ ಅಲ್ವಾ?

ಬಂದವರು ಬರಿಗೈಯಲ್ಲಿ ಬರುವುದಿಲ್ಲ ಅಕ್ಕ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆಯಲ್ಲ, 1891ರಲ್ಲಿ ಶುರುವಾದದ್ದು, ಅಲ್ಲಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿ ಕಟ್ಟೊಂದನ್ನು ತಂದುಕೊಟ್ಟಿದ್ದರು. ಅದರಲ್ಲಿ ಇದ್ದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಕಳೆದೇ ಹೋಯಿತು ಅಂದುಕೊಂಡಿದ್ದ ಗ್ರಂಥ. ಅಲ್ಲಿ ಲೈಬ್ರೇರಿಯನ್ ಆಗಿದ್ದ ಶಾಮಾಶಾಸ್ತ್ರಿಗಳು ಅದನ್ನು ಓದಿ 1909ರಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರ ಹೆಸರು ಕೂಡ ಜನಕ್ಕೆ ಗೊತ್ತಿಲ್ಲ. ಅವರನ್ನು ಬಾಗಿಲಲ್ಲೇ ಲೆಟರ್ ಇದೆಯಾ ಅಂತ ಕೇಳಿ ಕಳಿಸಿದ್ದಿದ್ದರೆ?

ಇನ್ನು ನಿನ್ನ ಕೇಂದ್ರದ ವಿಷಯ. ಬಾಗಿಲ ಪಕ್ಕದ ಬೆಂಚಿನ ತುಂಬ ಗಂಡಸರು ಪೇಪರ್ ಹಿಡಿದು ಕೂತರೆ ಹೆಂಗಸರು ಅವರನ್ನು ದಾಟಿ ಒಳಗೆ ಬರುವುದಾದರೂ ಹೇಗೆ? ಪೇಪರ್ ಮೇಜನ್ನು ಒಳಗಿನ ಮೂಲೆಗೆ ಹಾಕು. ಡೈರಿಗೆ ಹಾಲು ಹಾಕಿ ವಾಪಸ್ ಬರುವ ಹೊತ್ತಿಗೆ ನೀನು ಬಾಗಿಲಲ್ಲೇ ನಿಂತಿರು. ಕ್ಯಾನು ಹಿಡಿದವರನ್ನೂ ಹೆಸರು ಹಿಡಿದು ಕರೆ. ಆ ಸಹಿ ರಿಜಿಸ್ಟರ್ ಇದೆಯಲ್ಲ, ಅದು ಅವ್ವನಂಥವರನ್ನು ಎಷ್ಟು ಹೆದರಿಸುತ್ತದೆ ಅಂತ ನಮಗೆ ತಿಳಿಯುವುದಿಲ್ಲ. ಹೆಬ್ಬೆಟ್ಟು ಒತ್ತುವವರು ಎಲ್ಲರ ಮುಂದೆ ಪೆನ್ನು ಹಿಡಿಯಲಾರರು. ಪಂಚಾಯಿತಿಗೆ ಲೆಕ್ಕ ಬೇಕಾದರೆ ಅವರು ಹೋದ ಮೇಲೆ ನೀನೇ ಬರೆದುಕೋ.

ಪರೀಕ್ಷೆಗೆ ಓದುವ ಹುಡುಗರು ಮಕ್ಕಳ ಗಲಾಟೆ ಅಂತ ದೂರು ಹೇಳುತ್ತಾರೆ ಅಂದೆಯಲ್ಲ, ಅದು ಇವತ್ತಿನ ಜಗಳ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಟಿಪ್ಪುವಿನ ಮರದ ಹುಲಿಯನ್ನು, ಹಿಡಿ ತಿರುಗಿಸಿದರೆ ಸದ್ದು ಮಾಡುವ ಬೊಂಬೆ ಅದು, ಲಂಡನ್ನಿಗೆ ಹೊತ್ತು ತಂದರು. 1808ರಲ್ಲಿ ಅದನ್ನು ಈಸ್ಟ್ ಇಂಡಿಯಾ ಕಂಪನಿಯ ಓದುವ ಕೋಣೆಯಲ್ಲಿ ಇಟ್ಟರು. ಬಂದವರೆಲ್ಲ ಹಿಡಿ ತಿರುಗಿಸುವುದು, ಹುಲಿ ಗುರ್ ಅನ್ನುವುದು, ಅದರ ಬಾಯಿಗೆ ಸಿಕ್ಕಿದ ಬಿಳಿ ಸಿಪಾಯಿ ನರಳುವುದು! ಓದಲು ಕೂತವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತಂತೆ. ನಾನು ಬಂದ ಹೊಸತರಲ್ಲಿ ಲಂಡನ್ನಿಗೆ ಹೋಗಿ ಆ ಹುಲಿ ನೋಡಿದೆ. ಈಗ ಗಾಜಿನೊಳಗೆ ಸದ್ದಿಲ್ಲದೆ ನಿಂತಿದೆ. ನಮ್ಮ ಕಡೆಯದು ಅಂತ ಕಣ್ಣು ತುಂಬಿತು. ನೀನು ಮಾತ್ರ ಮಕ್ಕಳ ಬಾಯಿ ಮುಚ್ಚಿಸಬೇಡ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅವರದು ಅಂತ ಬೋರ್ಡ್ ಬರೆದು ಹಾಕು. ದೊಡ್ಡ ಹುಡುಗರು ಆ ಹೊತ್ತಲ್ಲಿ ಟೀ ಕುಡಿದು ಬರಲಿ.

ಕೆರೆಯ ವಿಷಯ ಅಪ್ಪನನ್ನು ನೀನೇ ಕೂರಿಸಿಕೊಂಡು ಕೇಳು. ತೂಬು ಎಲ್ಲಿತ್ತು, ನೀರಿನ ಪಾಳಿ ಹೇಗಿತ್ತು, ಎಲ್ಲ ಅವರ ಬಾಯಲ್ಲೇ ಇದೆ. ಒಂದು ನೋಟ್‌ಬುಕ್‌ನಲ್ಲಿ ಬರೆದು ನಿನ್ನ ಕಪಾಟಿನಲ್ಲಿಡು.

ಇನ್ನೊಂದು. ಮುಂದಿನ ವಾರ ಭಾವನ ಅಕೌಂಟಿಗೆ ಸ್ವಲ್ಪ ದುಡ್ಡು ಹಾಕುತ್ತೇನೆ. ಬಡಗಿ ಹತ್ತಿರ ಎರಡು ಬೆಂಚು ಮಾಡಿಸು, ಬೆನ್ನಿಗೆ ಆನಿಕೆ ಇರುವಂಥದ್ದು. ತೀರಾ ತಗ್ಗು ಮಾಡಿಸಬೇಡ, ಮಂಡಿ ನೋವಿನವರಿಗೆ ಏಳೋಕೆ ಆಗುವುದಿಲ್ಲ. ಅವ್ವನನ್ನು ಕುರ್ಚಿ ಮೇಲೆ ಕೂರಿಸಿ ಅಳತೆ ತಗೊಂಡು ಹೋಗು.

ಇಂತಿ ನಿನ್ನ ಪ್ರೀತಿಯ
ತಮ್ಮ