ಹಳೆಯ ಬುಲೆಟಿನ್ ಬೋರ್ಡ್‌ಗಳು ಬದುಕಲಿ

ಮಾನ್ಯ ಸಂಪಾದಕರೇ,

ಷಿಕಾಗೊದ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ್‍ಯಾಂಡಿ ಸೂಸ್ ಎಂಬ ಹವ್ಯಾಸಿಗಳಿಬ್ಬರು 1978ರ ಫೆಬ್ರುವರಿಯಲ್ಲಿ ತಮ್ಮ ಕಂಪ್ಯೂಟರನ್ನು ದೂರವಾಣಿ ತಂತಿಗೆ ಜೋಡಿಸಿ ಮೊದಲ ಬುಲೆಟಿನ್ ಬೋರ್ಡ್ ವ್ಯವಸ್ಥೆಯನ್ನು (ಬಿಬಿಎಸ್) ಆರಂಭಿಸಿದರು. ಸಂಘದ ಕೋಣೆಯ ಹಲಗೆಗೆ ಸದಸ್ಯರು ಸೂಚನಾ ಚೀಟಿ ಚುಚ್ಚುವಂತೆ, ಕಂಪ್ಯೂಟರನ್ನು ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್ ಎಂಬ ಸಾಧನ ಇದ್ದವರು ಕರೆಮಾಡಿ ಅಲ್ಲಿ ಸಂದೇಶ ಬರೆಯಬಹುದಾಗಿತ್ತು. ತಂತಿ ಒಂದೇ ಆದ್ದರಿಂದ ಒಬ್ಬರು ಓದಿ ಮುಗಿಸುವವರೆಗೆ ಮತ್ತೊಬ್ಬರಿಗೆ ಪ್ರವೇಶವಿರಲಿಲ್ಲ. ಇಂಥ ಬಿಬಿಎಸ್‌ಗಳ ಕಾಲ ಮೋಡೆಮ್‌ನೊಂದಿಗೇ ಮುಗಿಯಿತೆಂದು ಅನೇಕರು ನಂಬಿದ್ದಾರೆ. ಅದು ನಿಜವಲ್ಲವೆಂಬುದಕ್ಕೆ ತೈವಾನ್‌ನ ಪಿಟಿಟಿ ಎಂಬ ಬಿಬಿಎಸ್ ಸಾಕ್ಷಿಯಾಗಿದೆ.

1995ರಲ್ಲಿ ತೈವಾನ್ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ತು ಯಿ-ಚಿನ್ ಆರಂಭಿಸಿದ ಪಿಟಿಟಿಯಲ್ಲಿ ಇಂದಿಗೂ ಕಪ್ಪು ಪರದೆಯ ಮೇಲೆ ಬಣ್ಣದ ಅಕ್ಷರಗಳೇ ಕಾಣುತ್ತವೆ. ಜಾಹೀರಾತುಗಳಿಲ್ಲ, ಕೀಲಿಮಣೆಯ ಬಾಣಗಳಿಂದಲೇ ಪುಟದಿಂದ ಪುಟಕ್ಕೆ ಹೋಗಬೇಕು. ಜನಪ್ರಿಯತೆಯ ಉತ್ತುಂಗದಲ್ಲಿ ಏಕಕಾಲಕ್ಕೆ ಒಂದೂವರೆ ಲಕ್ಷ ಜನರು ಅಲ್ಲಿರುತ್ತಿದ್ದರು. 2019ರ ಡಿಸೆಂಬರ್ 31ರ ನಸುಕಿನಲ್ಲಿ ವುಹಾನ್‌ನ ವಿಚಿತ್ರ ನ್ಯುಮೋನಿಯಾದ ಕುರಿತು ಅಲ್ಲಿ ಬಂದ ಬರಹವೊಂದನ್ನು ತೈವಾನ್‌ನ ರೋಗ ನಿಯಂತ್ರಣ ಸಂಸ್ಥೆಯ ಅಧಿಕಾರಿಯೊಬ್ಬರು ಗಮನಿಸಿದ್ದು ಆ ದೇಶದ ಮುನ್ನೆಚ್ಚರಿಕೆಗೆ ನೆರವಾಯಿತು. ಇಷ್ಟು ಹಳೆಯ ಚಾವಡಿ ಇಷ್ಟು ಜೀವಂತವಾಗಿ ಉಳಿಯಲು ಅದನ್ನು ನಡೆಸಿದವರ ವಿವೇಕವೇ ಕಾರಣವೆಂದು ನಾನು ಬಲವಾಗಿ ನಂಬುತ್ತೇನೆ. ಮಾತು ನಡೆಯುವ ಕ್ರಮವನ್ನು ಅವರು ಕೆಡಿಸಲಿಲ್ಲ. ಒಳಬರುವ ದಾರಿಯನ್ನು ಮಾತ್ರ ಹೊಸದಾಗಿಸುತ್ತಾ ಬಂದರು. ಪಾಸ್‌ವರ್ಡನ್ನೂ ಬಯಲಾಗಿಯೇ ಸಾಗಿಸುವ ಟೆಲ್ನೆಟ್ ಎಂಬ ಹಳೆಯ ಸಂಪರ್ಕ ವಿಧಾನದ ಜೊತೆಗೆ ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬಂತು, ಬ್ರೌಸರ್‌ನಲ್ಲಿಯೇ ಬರಹಗಳನ್ನು ಓದುವ ಅನುಕೂಲವೂ ಆಯಿತು.

ಬಿಬಿಎಸ್ ನಡೆಸಲು ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಿಂಕ್ರೊನೆಟ್ ಎಂಬ ತಂತ್ರಾಂಶ ಈಗ ಮುಕ್ತವಾಗಿ, ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಒಂದೇ ಸಂದೇಶವನ್ನು ಒಬ್ಬರು ಹಳೆಯ ಅಕ್ಷರಪರದೆಯಲ್ಲಿಯೂ ಇನ್ನೊಬ್ಬರು ಬ್ರೌಸರ್‌ನಲ್ಲಿಯೂ ಓದಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸಾಧಾರಣ ಕಂಪ್ಯೂಟರೊಂದರಲ್ಲಿ ಇಂಥದ್ದನ್ನು ನಡೆಸಿ ನೋಡಿದರೆ, ಜಾಲದ ಒಳಗಿನ ಕೆಲಸವನ್ನು ಕಣ್ಣಾರೆ ಕಂಡು ಕಲಿಯುತ್ತಾರೆ.

ಯಂತ್ರಕ್ಕಿಂತ ನನಗೆ ಹೆಚ್ಚು ಚಿಂತೆಯಿರುವುದು ಬರಹದ ಬಗ್ಗೆ. ಅಮೆರಿಕದ ಹಳೆಯ ಬಿಬಿಎಸ್‌ಗಳ ಚೌಕಟ್ಟು, ಚಿತ್ತಾರಗಳೆಲ್ಲ ಐಬಿಎಂ ಪಿಸಿಯ ಅಕ್ಷರ ಸಂಕೇತದಲ್ಲಿದ್ದವು. ಎಲ್ಲ ಭಾಷೆಗಳಿಗೂ ಒಂದೇ ಆದ ಇಂದಿನ ಯೂನಿಕೋಡ್ ಸಂಕೇತವೆಂದು ಭಾವಿಸಿ ತೆರೆದರೆ ಅವು ಚಿಂದಿಯಾಗಿ ಕಾಣುತ್ತವೆ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಟೈಪು ಮಾಡಿಟ್ಟ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು ಕಂಡ ಕನ್ನಡಿಗರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭಿಸುವ ಮೊದಲೇ ನಮ್ಮ ದೇಶದ ದೊಡ್ಡ ನಗರಗಳಲ್ಲಿ ಹವ್ಯಾಸಿಗಳ ಬಿಬಿಎಸ್‌ಗಳಿದ್ದವು. ಅವುಗಳನ್ನು ನಡೆಸಿದ ಅಥವಾ ಬಳಸಿದ ಓದುಗರಲ್ಲಿ ನನ್ನದೊಂದು ವಿನಂತಿ: ಅಟ್ಟದ ಮೇಲಿರುವ ಫ್ಲಾಪಿಗಳ ಕಾಂತೀಯ ಪದರವು ವರ್ಷ ಕಳೆದಂತೆ ಸವೆಯುತ್ತಿರುವುದರಿಂದ ಅವನ್ನು ಈಗಲೇ ಪ್ರತಿ ಮಾಡಿಸಿಡಿ. ಮೂಲ ಕಡತವನ್ನು ತಿದ್ದದೆ ಹಾಗೆಯೇ ಉಳಿಸಿ, ಯೂನಿಕೋಡ್ ಪ್ರತಿಯನ್ನು ಬೇರೆಯಾಗಿ ಸಿದ್ಧಪಡಿಸಿ. ಖಾಸಗಿ ಪತ್ರಗಳಿದ್ದರೆ ಬರೆದವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡಿ. ಇಂಥ ಸಂಗ್ರಹವುಳ್ಳವರ ನೆನಪುಗಳಿಗೆ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಸ್ವಲ್ಪ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕ, ಧಾರವಾಡ