ಹಿಂದಿನ ಸೀಟಿನಿಂದ ಮಗಳಿಗೊಂದು ಪತ್ರ

ಸರಸ್ವತೀಪುರಂ, ಮೈಸೂರು
ಮಂಗಳವಾರ ರಾತ್ರಿ

ಪುಟ್ಟಿ,

"ನಾಳೆ ಬುಕಿಂಗ್ ಹಣ ಕಟ್ಟಿಬಿಡುತ್ತೇನೆ ಅಮ್ಮ" ಎಂದು ನೀನು ಫೋನ್ ಇಟ್ಟ ಮೇಲೆ ಕುಕ್ಕರ್ ಎರಡು ಕೂಗು ಹೆಚ್ಚಾಗಿಯೇ ಕೂಗಿತು. ನಾನು ಏಳಲಿಲ್ಲ. ಫೋನಿನಲ್ಲಿ ನಿನ್ನೊಡನೆ ವಾದ ಮಾಡಿ ಗೆದ್ದವರಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಸ್ಕ್ರ್ಯಾಂಬಲರ್ ಬೈಕ್ ಬೇಡ ಎನ್ನಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ದುಡಿಮೆ ನಿನ್ನದು, ಲೈಸೆನ್ಸೂ ನಿನ್ನದು. ಆದರೆ ಶನಿವಾರ ಶೋರೂಮಿನ ಡೆಮೊ ಬೈಕ್ ಓಡಿಸಿ ನೋಡಿದಾಗ ನೀನು ಮುಂದೆ ಕುಳಿತು ಕಂಡದ್ದೇ ಬೇರೆ, ನಾನು ಹಿಂದೆ ಕುಳಿತು ಕಂಡದ್ದೇ ಬೇರೆ. ನನ್ನದನ್ನೂ ಲೆಕ್ಕಕ್ಕೆ ಸೇರಿಸಿಕೋ, ಆಮೇಲೆ ಹಣ ಕಟ್ಟು.

ನಾವು ಓಡಿಸಿದ್ದು ಯಾವ ಕಂಪನಿಯದು ಎಂದು ಇಲ್ಲಿ ಬರೆಯುವುದಿಲ್ಲ. ಲಕೋಟೆ ಅಂಟಿಸುವ ಮೊದಲು ನಿಮ್ಮಪ್ಪ ಇದನ್ನು ಓದುವುದು ಖಂಡಿತ, ಆಮೇಲೆ ಆ ಹೆಸರನ್ನು ಹಿಡಿದುಕೊಂಡು ಒಂದು ವಾರ ಮಾತಾಡುತ್ತಾರೆ.

ಶೋರೂಮಿನ ಹುಡುಗ ಪಾಠ ಒಪ್ಪಿಸಿದ್ದು ನೆನಪಿದೆಯಲ್ಲ: ಎರಡು ಕಿಲೋಮೀಟರ್, ಹತ್ತು ನಿಮಿಷ, ಹಿಂದೆ ಯಾರೂ ಕೂರುವಂತಿಲ್ಲ. ಒಳಗಿನಿಂದ ಮ್ಯಾನೇಜರ್ ಬಂದು "ಮೇಡಂ, ನೀವಾ?" ಎನ್ನುವವರೆಗೆ ನಾನೂ ತೆಪ್ಪಗಿದ್ದೆ. ಪಿಯುಸಿ ಲ್ಯಾಬಿನಲ್ಲಿ ಸ್ಕ್ರೂಗೇಜನ್ನು ತಲೆಕೆಳಗಾಗಿ ಹಿಡಿದು ನನ್ನಿಂದ ಬೈಸಿಕೊಂಡವನು. ಇಷ್ಟು ವರ್ಷವಾದರೂ ಕೈಕಟ್ಟಿಕೊಂಡೇ ನಿಂತ. ಹತ್ತು ನಿಮಿಷ ಒಂದು ಗಂಟೆಯಾಯಿತು, ಹುಡುಗ ಸ್ಕೂಟರಿನಲ್ಲಿ ನಮ್ಮ ಬೆನ್ನಿಗೆ ಬಂದ. ನಿನ್ನ ಬೆಂಗಳೂರಿನಲ್ಲಿ ನನ್ನ ಶಿಷ್ಯರು ಎಲ್ಲ ಶೋರೂಮಿನಲ್ಲೂ ಇರುವುದಿಲ್ಲ, ಆದರೂ ಒಂದು ಗಂಟೆ ಕೊಡಿ ಎಂದು ಕೇಳು. ಹತ್ತು ನಿಮಿಷದಲ್ಲಿ ಗಾಡಿಯ ಗುಣ ನೆಟ್ಟಗೆ ತಿಳಿಯುವುದಿಲ್ಲ. ಮತ್ತೆ, ಗಾಡಿಗೆ ಏಟಾದರೆ ಖರ್ಚು ಸವಾರರದ್ದು ಎಂಬ ಕಾಗದಕ್ಕೆ ನೀನು ಓದದೆಯೇ ಸಹಿ ಹಾಕಿದೆ. ಓದಿದ್ದು ನಾನು.

ಸ್ಕ್ರ್ಯಾಂಬಲರ್ ಎಂದರೇನು ಎಂದು ದಾರಿಯುದ್ದಕ್ಕೂ ನೀನೇ ಹೇಳಿದೆ. 1920ರ ದಶಕದ ಇಂಗ್ಲೆಂಡಿನಲ್ಲಿ ರಸ್ತೆಯ ಬೈಕುಗಳನ್ನೇ ಹೊಲ, ಗುಡ್ಡ, ಕೆಸರಿನ ಪಂದ್ಯಕ್ಕೆ ಇಳಿಸಿದರು. ಬೇಡದ್ದನ್ನೆಲ್ಲ ಬಿಚ್ಚಿ ಹಗುರ ಮಾಡಿದರು. ಆಮೇಲಾಮೇಲೆ ಕಲ್ಲಿಗೂ ನೀರಿಗೂ ಸಿಗದಂತೆ ಸೈಲೆನ್ಸರನ್ನು ಮೇಲಕ್ಕೆತ್ತಿ ಕಟ್ಟಿದರು, ಅಗಲ ಹ್ಯಾಂಡಲ್ ಹಾಕಿದರು, ಗುಬಟು ಗುಬಟಾದ ಟೈರು ತೊಡಿಸಿದರು. ಕೇಳಲು ಚೆನ್ನಾಗಿತ್ತು. ಆದರೆ ಹಾಗೆ ಹೊಲ ಹಾರುತ್ತಿದ್ದವನ ಹಿಂದೆ ಹೆಂಡತಿಯೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಇಂದಿನ ಸೀಟಿನಲ್ಲೂ ಅವರಿಗೆ ಇನ್ನೂ ಜಾಗವಾಗಿಲ್ಲ. ಹಪ್ಪಳದ ಮಣೆಯ ಹಾಗೆ ಚಪ್ಪಟೆ, ನನ್ನ ಪಾಲಿಗೆ ಬಂದದ್ದು ಒಂದೂವರೆ ಗೇಣು.

ನಿಮ್ಮಪ್ಪನ ಹಳೆಯ ಯೆಜ್ಡಿ ರೋಡ್‌ಕಿಂಗ್ ಬೈಕಿನ ಮೇಲೆ ಮೂವತ್ತು ವರ್ಷ ಒಂದೇ ಮಗ್ಗುಲಿಗೆ ಕುಳಿತವಳು ನಾನು. ಎಲ್ಲಿ ಹಿಡಿಯಬೇಕು, ಪಾದ ಎಲ್ಲಿಡಬೇಕು, ಸೆರಗನ್ನು ಎಲ್ಲಿ ಸಿಕ್ಕಿಸಬೇಕು ಎಂಬುದನ್ನು ಯಾರಾದರೂ ಕೇಳಿದರೆ ಪಾಠ ಮಾಡಬಲ್ಲೆ. ಶನಿವಾರ ಡೆಮೊ ಬೈಕಿನ ಎಡಗಡೆ ಬಗ್ಗಿ ನೋಡಿದರೆ ಸೀರೆ ಗಾರ್ಡ್ ಇರಲಿಲ್ಲ. "ಲುಕ್ ಕೆಡುತ್ತದೆ ಅಂತ ಬಿಚ್ಚಿಟ್ಟಿದ್ದೇವೆ ಮೇಡಂ" ಎಂದ ಹುಡುಗ. ಹಿಂಬದಿ ಸವಾರರಿಗೆ ಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ, ಇವು ಮೂರೂ ಇರಲೇಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ. ಬಿಚ್ಚಿಟ್ಟದ್ದನ್ನು ತರಿಸಿ ಹಾಕಿಸಿಕೊಂಡೇ ಹತ್ತಿದೆ. ನೀನು ನಾಚಿಕೆಯಿಂದ ಆಚೆ ತಿರುಗಿ ನಿಂತಿದ್ದೆ. ನಿನ್ನ ದುಪಟ್ಟಾವೂ ಬಟ್ಟೆಯೇ ಕಣೇ.

ಈಗ ಬೆಟ್ಟದ ವಿಷಯ. ಫೋನಿನಲ್ಲಿ ನೀನು ಅದನ್ನು ಎತ್ತಲೇ ಇಲ್ಲ.

ರಿಂಗ್ ರಸ್ತೆಯಲ್ಲಿ ನೀನು ಓಡಿಸಿದ್ದು ನನಗೆ ಹಿಡಿಸಿತು, ಸುಳ್ಳು ಹೇಳುವುದಿಲ್ಲ. ನಾಲ್ಕನೆಯ ಗೇರಿನಲ್ಲಿ ಆ ಎಂಜಿನ್ ಗುನುಗಿಕೊಂಡು ಹೋಗುವಾಗ ನನಗೂ ಒಂದು ಕ್ಷಣ ವಯಸ್ಸು ಮರೆತಿತ್ತು. ಚಾಮುಂಡಿ ಬೆಟ್ಟದ ಮೊದಲ ತಿರುವುಗಳನ್ನೂ ನಿರಾಯಾಸವಾಗಿ ಹತ್ತಿದೆ. ನಂದಿಯ ಕಡೆ ಹೋಗುವ ದಾರಿಯ ಹತ್ತಿರ ಇಳಿದು ಬರುತ್ತಿದ್ದ ಬಸ್ಸಿಗೆ ಜಾಗ ಬಿಡಲು ನಿಲ್ಲಿಸಿದೆಯಲ್ಲ, ಅಲ್ಲಿ ರಸ್ತೆ ಬಲಕ್ಕೆ ವಾಲಿತ್ತು. ನಿನ್ನ ಬಲಗಾಲು ನೆಲ ಹುಡುಕಿತು. ಹಿಂದಿನಿಂದ ನನಗೆ ಕಂಡದ್ದು ನಿನ್ನ ಬೂಟಿನ ತುದಿ ಗಾಳಿಯಲ್ಲಿ ಎರಡು ಸಲ ತಡಕಾಡಿದ್ದು. ಮೂರನೆಯ ಸಲಕ್ಕೆ ಗಾಡಿಯೇ ಅತ್ತ ಬಾಗಿತು. ನನ್ನ ಎರಡೂ ಕಾಲು ಎಡಕ್ಕೆ, ಹಿಡಿಯಲು ನಿನ್ನ ಭುಜ ಬಿಟ್ಟರೆ ಗತಿಯಿಲ್ಲ. ಭುಜ ಹಿಡಿದೆ. ಹಿಡಿದದ್ದರಿಂದ ನೀನು ಇನ್ನಷ್ಟು ಬಾಗಿದೆ. ಆ ಹುಡುಗ ಸ್ಕೂಟರನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿಬಂದು ಹ್ಯಾಂಡಲ್ ಹಿಡಿಯದಿದ್ದರೆ, ಸಹಿ ಹಾಕಿದ ಕಾಗದದ ಬೆಲೆ ಎಷ್ಟೆಂದು ಅಂದೇ ಗೊತ್ತಾಗುತ್ತಿತ್ತು.

ನಿನ್ನ ತಪ್ಪಲ್ಲ. ಗಾಡಿ ನೆಟ್ಟಗಿರುವಾಗ ಅದರ ತೂಕವನ್ನು ಚಕ್ರಗಳೇ ಹೊರುತ್ತವೆ. ಭಾರದ ಕೇಂದ್ರ ಚಕ್ರಗಳು ನೆಲ ಮುಟ್ಟುವ ಗೆರೆಯಿಂದ ಒಂದು ಗೇಣು ಆಚೆ ಸರಿಯಿತೋ, ಮಿಕ್ಕದ್ದು ನಿನ್ನ ಕಾಲಿನ ಮೇಲೆ. ಕಾಲು ನೆಲ ಮುಟ್ಟುವ ಹೊತ್ತಿಗೆ ಎಷ್ಟು ವಾಲಿರುತ್ತದೆ ಎನ್ನುವುದೇ ಪ್ರಶ್ನೆ. ನಿನ್ನ ಪಟ್ಟಿಯಲ್ಲಿರುವ ಮೂರನ್ನೂ ನೋಡಿದೆ: ಯೆಜ್ಡಿ ಸ್ಕ್ರ್ಯಾಂಬಲರ್ ಸೀಟಿನ ಎತ್ತರ 800 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್ ಬೇರ್ 650 ಆದರೆ 830, ಟ್ರಯಂಫ್ ಸ್ಕ್ರ್ಯಾಂಬಲರ್ 400 ಎಕ್ಸ್ 835. ಕಾಗದದ ಮೇಲೆ ಹೆಚ್ಚುಕಡಿಮೆ ಎರಡು ಬೆರಳಿನ ವ್ಯತ್ಯಾಸ. ಐದಡಿ ಎರಡು ಇಂಚಿನವಳಿಗೆ ಹಿಮ್ಮಡಿ ನೆಲ ಮುಟ್ಟುವುದೋ ಇಲ್ಲವೋ ಎಂಬುದು ಆ ಎರಡು ಬೆರಳಿನಲ್ಲೇ ಇದೆ. ಬೇರ್ ಇನ್ನೂರು ಕಿಲೋ ದಾಟುತ್ತದೆ, ಅದನ್ನೂ ನೆನಪಿಡು. ಬರೀ ಎತ್ತರ ನೋಡಿದರೂ ಸಾಲದು. ಸೀಟು ಮುಂದೆ ಅಗಲವಿದ್ದರೆ ತೊಡೆ ಹರಡಿ ಕಾಲು ಮೇಲಕ್ಕೆ ಹೋಗುತ್ತದೆ, ಸಣ್ಣಗಿದ್ದರೆ ನೇರ ಇಳಿಯುತ್ತದೆ. ಅದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಕುಳಿತೇ ನೋಡಬೇಕು. ಇನ್ನೊಂದು ಮಾತು: ಶೋರೂಮಿನ ಅಂಗಳದಲ್ಲಿ ನಾನು ಹತ್ತಿದ ಮೇಲೆ "ನೋಡಮ್ಮ, ಹಿಮ್ಮಡಿ ತಾಗುತ್ತಿದೆ" ಎಂದು ಹಿಗ್ಗಿದೆಯಲ್ಲ, ಅದು ನನ್ನ ಅರವತ್ತೆಂಟು ಕಿಲೋಗೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದದ್ದರ ಫಲ. ದಿನಾ ಆಫೀಸಿಗೆ ನನ್ನನ್ನು ಹೇರಿಕೊಂಡು ಹೋಗುತ್ತೀಯಾ?

ಮನೆಯ ಗೇಟಿನ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳಿಸಿದ್ದು ನಿನ್ನನ್ನು ಗೋಳು ಹೊಯ್ದುಕೊಳ್ಳಲು ಅಲ್ಲ. ನೀನಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಕಂಬದ ಪಕ್ಕದ ಜಾಗ ನೋಡಿದ್ದೇನೆ. ಮೂರನೆಯ ಸಲ ತಳ್ಳುವಾಗ ನಿನ್ನ ಮುಖ ಕೆಂಪಾಯಿತು. ನಿಮ್ಮಪ್ಪ ವರಾಂಡದಿಂದ ಇಳಿದು ಬಂದು ಸಹಾಯ ಮಾಡುವ ಬದಲು ಮೂರು ಸುತ್ತು ಹಾಕಿ, "ಕಿಕ್ ಎಲ್ಲಿ?" ಎಂದರು. ಕಿಕ್ ಹೊಡೆದ ಲಿವರನ್ನೇ ತಿರುಗಿಸಿ ಗೇರ್ ಹಾಕುವ ಗಾಡಿ ಬಿಟ್ಟು ಮಿಕ್ಕದ್ದೆಲ್ಲ ಅವರಿಗೆ ಆಟಿಕೆ. ಸಂಜೆಯವರೆಗೆ ಅದೇ ಪುರಾಣ: 1961ರಲ್ಲಿ ನಮ್ಮೂರಿನ ಯಾದವಗಿರಿಯ ಐಡಿಯಲ್ ಜಾವಾದಿಂದ, ಅಂದರೆ ಮುಂದೆ ಯೆಜ್ಡಿ ತಯಾರಿಸಿದ ಕಾರ್ಖಾನೆಯಿಂದ, ಬೈಕುಗಳು ಹೊರಬರತೊಡಗಿದ್ದು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿದ್ದು, 2022ರಲ್ಲಿ ಯೆಜ್ಡಿ ಎಂಬ ಹೆಸರು ಮರಳಿ ಬಂದರೂ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ ಎನ್ನುವುದು. ಕೊನೆಗೆ, "ಕೊಂಡರೆ ಆ ಹೆಸರಿನದನ್ನೇ ಕೊಳ್ಳಲಿ" ಎಂದು ತೀರ್ಪು ಕೊಟ್ಟರು. ಟ್ಯಾಂಕಿನ ಮೇಲಿನ ಅಕ್ಷರ ನೋಡಿ ಗಾಡಿ ಕೊಳ್ಳಬೇಡ, ಅಪ್ಪನಿಗಾಗಿಯೂ ಕೊಳ್ಳಬೇಡ.

ಬಿಸಿ, ಟೈರು ಇವೆಲ್ಲ ಸಣ್ಣ ವಿಷಯ. ಇಳಿದ ಮೇಲೆ ಸೈಲೆನ್ಸರಿನ ಹತ್ತಿರ ಕೈ ಒಡ್ಡಿ ನೋಡಿದೆ, ಮರೆಯ ತಗಡು ಇದ್ದರೂ ಕಾವು ಹೊಡೆಯುತ್ತಿತ್ತು. ಎಡಮಗ್ಗುಲಿಗೆ ಕುಳಿತವಳಿಗೆ ಅದರ ಬಾಧೆಯಿಲ್ಲ, ಎರಡೂ ಕಡೆ ಕಾಲು ಹಾಕಿ ಕೂರುವವರಿಗೆ ಇದೆ. ಮಳೆಯಲ್ಲಿ ಆ ಗುಬಟು ಟೈರು ಟಾರು ರಸ್ತೆಯ ಮೇಲೆ ಹೇಗೆ ನಿಲ್ಲುತ್ತದೆ ಎಂದು ಕೇಳಿ ತಿಳಿದುಕೋ.

ನಿನ್ನ ಪರವಾಗಿಯೂ ಒಂದು ಮಾತು ಇದೆ. ವಾರದ ಕೊನೆಗೆ ಊರಿಗೆ ಇದರಲ್ಲೇ ಬರುತ್ತೇನೆ ಎಂದೆಯಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ರಾಮನಗರ, ಮದ್ದೂರು, ಮಂಡ್ಯ ಎಲ್ಲ ಕಡೆ ಸರ್ವಿಸ್ ರಸ್ತೆಯೇ ನಿನಗೆ ಗತಿ, ಅಂದರೆ ಹಂಪು, ಗುಂಡಿ, ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರು. ಅಂಥಲ್ಲಿ ಮುಂದಿನ 19 ಇಂಚಿನ ಚಕ್ರ ಕೆಲಸಕ್ಕೆ ಬರುತ್ತದೆ. ಚಕ್ರ ದೊಡ್ಡದಾದಷ್ಟೂ ಗುಂಡಿಯ ಅಂಚಿಗೆ ಢಿಕ್ಕಿ ಹೊಡೆಯದೆ ಏರಿ ಹೋಗುತ್ತದೆ. ಕುವೆಂಪುನಗರದ ಹಂಪುಗಳ ಮೇಲೆ ನನ್ನ ಸೊಂಟವೇ ಅದಕ್ಕೆ ಸಾಕ್ಷಿ. ರೋಡ್‌ಕಿಂಗ್‌ನಲ್ಲಾದರೆ ಎರಡು ದಿನ ಎಣ್ಣೆ ತಿಕ್ಕಬೇಕಿತ್ತು.

ಹಾಗಾಗಿ ನಾಳೆ ಹಣ ಕಟ್ಟಬೇಡ. ಮ್ಯಾನೇಜರಿಗೆ ಫೋನ್ ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಡೆಮೊ ಬೈಕು ಬಿಡುತ್ತಾನೆ, ಸೀರೆ ಗಾರ್ಡ್ ಸಮೇತ. ತಗ್ಗು ಸೀಟು ಹಾಕಿಸಲು ಬರುತ್ತದೆಯೇ ಎಂದೂ ಕೇಳಿ ಇಡುತ್ತೇನೆ ಎಂದಿದ್ದಾನೆ. ಮೊದಲು ನೀನೊಬ್ಬಳೇ ಅದೇ ಬೆಟ್ಟ ಹತ್ತಿ, ಅದೇ ತಿರುವಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿಕೊಂಡು ಬಾ. ನಾನು ಕೆಳಗೆ ಕಾಯುತ್ತೇನೆ. ಆಮೇಲೆ ಇಬ್ಬರೂ ಹೋಗೋಣ. ನಿನ್ನ ಹಳೆಯ ಹೆಲ್ಮೆಟ್ ತಾ, ಶೋರೂಮಿನದು ಬೇರೆಯವರ ತಲೆಯೆಣ್ಣೆ ವಾಸನೆ. ಈ ಸಲ ನಾನು ಚೂಡಿದಾರ್ ಹಾಕಿಕೊಂಡಿರುತ್ತೇನೆ, ಎರಡೂ ಕಡೆ ಕಾಲು ಹಾಕಿ ಕೂರಬೇಕು ಎಂದಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ನಿನ್ನ
ಅಮ್ಮ