ದೊಡ್ಡಪ್ಪನ ಕಾಲಿನ ಕಾಗದಗಳು

ಮೆಲ್ಬರ್ನ್
ಶ್ರಾವಣ, ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಉಭಯ ಕುಶಲೋಪರಿ. ಅಪ್ಪಯ್ಯನ ಕಾಗದಗಳು ಹೀಗೆಯೇ ಶುರುವಾಗುತ್ತಿದ್ದವು, ನನಗೂ ಬೇರೆ ರೀತಿ ಬರುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನಿನಗೆ ಅನ್ನಿಸಬಹುದು. ಆದರೆ ಅಮ್ಮನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ನಿನ್ನ ಮನೆಗೆ ಮಾಡಿದರೆ ಭಾವ, ಮಕ್ಕಳು ಪಕ್ಕದಲ್ಲಿರುತ್ತಾರೆ. ಇದನ್ನು ನೀನೊಬ್ಬಳೇ ಕೂತು, ಬೇಕಾದರೆ ಎರಡು ಸಲ ಓದಬೇಕು. ಅದಕ್ಕೇ ನಿನ್ನ ಶಾಲೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಮೊದಲು ಕೆಲಸದ ಮಾತು. ದೊಡ್ಡಪ್ಪನಿಗೆ ಕಾಲು ಊದಿಕೊಂಡು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದು ನೆನಪಿದೆಯಲ್ಲ? ನಾನಾಗ ಏಳನೇ ತರಗತಿ. ಎಡಗಾಲು ಮೊಣಕಾಲಿನಿಂದ ಕೆಳಗೆ ಬಾಳೆದಿಂಡಿನ ಹಾಗೆ ದಪ್ಪಗಾಗಿ ಹೊಳೆಯುತ್ತಿತ್ತು. ಊರಿನಲ್ಲಿ ಒಬ್ಬರು ವಾಯು ಎಂದರು, ಇನ್ನೊಬ್ಬರು ಆನೆಕಾಲು ಎಂದರು. ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಅಲ್ಲಿನ ಡಾಕ್ಟರು ಹೇಳಿದ್ದಾಗಿ ಅಪ್ಪಯ್ಯ ಜಗಲಿಯಲ್ಲಿ ಕೂತು ಯಾರಿಗೋ ವಿವರಿಸುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. ಅದು ನಿಜವೇ ಎಂದು ನನಗೆ ತಿಳಿಯಬೇಕು. ಆ ಕಾಗದಗಳು ಅಪ್ಪಯ್ಯನ ಮರದ ಪೆಟ್ಟಿಗೆಯಲ್ಲಿ, ಪಹಣಿಗಳ ಕೆಳಗೆ ಇರಬೇಕು. ಇಲ್ಲಿನ ವೈದ್ಯೆ ಕೇಳಿದ್ದಾರೆ. ಯಾಕೆ ಕೇಳಿದರು ಎನ್ನುವುದನ್ನು ಹೇಳುವುದಕ್ಕೇ ಇಷ್ಟು ಉದ್ದದ ಪತ್ರ.

ಅಕ್ಕ, ನಾನು ಒಂದು ಆರು ತಿಂಗಳ ಮಟ್ಟಿಗೆ ಈಸ್ಟ್ರೋಜೆನ್, ಅಂದರೆ ಹೆಣ್ಣಿನ ಹಾರ್ಮೋನು, ತೆಗೆದುಕೊಳ್ಳಬೇಕೆಂದು ಯೋಚಿಸುತ್ತಿದ್ದೇನೆ. ಈ ಸಾಲನ್ನು ಬರೆದು ಅಳಿಸಿ ಬರೆದು ಮೂರು ವಾರವಾಯಿತು. ಹೆಸರು ಬದಲಿಸುವ ಯೋಚನೆ ಇಲ್ಲ, ಉಡುಪು ಬದಲಿಸುವುದಿಲ್ಲ, ಶಸ್ತ್ರಚಿಕಿತ್ಸೆಯ ಮಾತೇ ಇಲ್ಲ. ನಿನಗೆ ತಮ್ಮನಾಗಿಯೇ ಇರುತ್ತೇನೆ. ನಾನು ಹೆಣ್ಣು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಗಂಡು ಎಂದು ಕರೆದಾಗ ನೆಮ್ಮದಿಯಾಗಿ ಓಗೊಡಲೂ ಆಗಿಲ್ಲ.

ಯಾವಾಗಿನಿಂದ ಎಂದು ಕೇಳುತ್ತೀಯ. ದಿನವನ್ನೇ ಹೇಳಬಲ್ಲೆ. ನನಗೆ ಹದಿನಾಲ್ಕು, ದೀಪಾವಳಿ. ಹಿಂದಿನ ಸಂಜೆ ನೀನೂ ನಾನೂ ಹಂಡೆ ತೊಳೆದು, ಹಿಂಡಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿದ್ದೆವು. ಬೆಳಗಿನ ಜಾವ ಬಚ್ಚಲಿನಲ್ಲಿ ಅಡಿಕೆ ಸಿಪ್ಪೆಯ ಹೊಗೆ ತುಂಬಿತ್ತು. ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದವಳು ನನ್ನ ಬೆನ್ನಿಗೆ ಒಂದು ಸಲ ಕೈ ಹಾಕಿ, ‘ಗಂಡಸಾಗಿಬಿಟ್ಟೆಯಲ್ಲೋ, ಇನ್ನು ನೀನೇ ಹಚ್ಚಿಕೋ’ ಎಂದು ನಕ್ಕು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೋದಳು. ಅವಳ ಮಾತಿನಲ್ಲಿ ಹೆಮ್ಮೆ ಇತ್ತು. ನಾನು ಬಟ್ಟಲಿನ ಎಣ್ಣೆ ಆರುವ ತನಕ ಅದನ್ನೇ ನೋಡುತ್ತ ಕೂತಿದ್ದೆ. ತೋಳಿನ ಮೇಲೆ ಆಗಷ್ಟೇ ಬಂದಿದ್ದ ಒರಟು ಕೂದಲು, ಮುಖದ ಜಿಡ್ಡು, ಒಡೆದ ದನಿ, ಇವೆಲ್ಲ ಯಾರೋ ನನ್ನನ್ನು ಕೇಳದೆ ಮನೆಯೊಳಗೆ ತಂದಿಟ್ಟ ಸಾಮಾನಿನ ಹಾಗಿದ್ದವು. ಮೂವತ್ತೊಂದಾದರೂ ಆ ಸಾಮಾನು ಅಲ್ಲಿಯೇ ಇದೆ. ಅದರ ನಡುವೆ ದಾರಿ ಮಾಡಿಕೊಂಡು ಓಡಾಡುವುದು ಅಭ್ಯಾಸವಾಗಿದೆ, ಅಷ್ಟೇ.

ನಿನಗೆ ಮೊದಲು ನೆನಪಾಗುವುದು ಯಕ್ಷಗಾನ ಮೇಳದ ಸ್ತ್ರೀವೇಷ ಇರಬಹುದು. ನಾನು ಚೌಕಿಯ ಬಾಗಿಲಲ್ಲಿ ನಿಂತು ರಾತ್ರಿಯಿಡೀ ನೋಡುತ್ತಿದ್ದದ್ದನ್ನು ನೀನೇ ಅಮ್ಮನಿಗೆ ಹೇಳಿದ್ದೆ. ಅದು ಕಲೆಯ ಮೇಲಿನ ಮೋಹ. ಸೀರೆಯಾಗಲಿ ಬಳೆಯಾಗಲಿ ನನಗೆ ಬೇಕೆನಿಸಿಲ್ಲ. ನನ್ನ ತಕರಾರು ಬಟ್ಟೆಯ ಒಳಗಿನ ಮೈಯೊಂದಿಗೆ.

ನೀನು ಹತ್ತನೇ ತರಗತಿಗೆ ನಿರ್ನಾಳ ಗ್ರಂಥಿಗಳ ಪಾಠ ಮಾಡುವವಳು, ಹಾಗಾಗಿ ಬಿಡಿಸಿ ಬರೆಯುತ್ತೇನೆ. ಈಸ್ಟ್ರೋಜೆನ್, ಗಂಡಿನ ಹಾರ್ಮೋನಾದ ಟೆಸ್ಟೋಸ್ಟಿರೋನ್, ಎರಡೂ ಎಲ್ಲರ ಮೈಯಲ್ಲೂ ಇವೆ. ಗಂಡಸಿನ ದೇಹ ತನ್ನ ಟೆಸ್ಟೋಸ್ಟಿರೋನಿನಿಂದಲೇ ಒಂದಿಷ್ಟು ಎಸ್ಟ್ರಡಯಾಲ್, ಅಂದರೆ ಈಸ್ಟ್ರೋಜೆನ್ನಿನ ಮುಖ್ಯ ರೂಪವನ್ನು, ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ಎಸ್ಟ್ರಡಯಾಲ್ ಕೊಟ್ಟು ಟೆಸ್ಟೋಸ್ಟಿರೋನನ್ನು ತಗ್ಗಿಸಿದರೆ, ಮೊದಲ ಕೆಲವು ತಿಂಗಳಲ್ಲಿ ಚರ್ಮದ ಜಿಡ್ಡು ಕಡಿಮೆಯಾಗುತ್ತದೆ, ಕಾಮದ ಒತ್ತಡ ಇಳಿಯುತ್ತದೆ. ನನಗೆ ಬೇಕಿರುವುದು ಬಹುಪಾಲು ಇಷ್ಟೇ. ಆದರೆ ಮೂರರಿಂದ ಆರು ತಿಂಗಳೊಳಗೆ ಎದೆಯಲ್ಲಿ ಗಂಟು ಮೂಡಲು ಶುರುವಾಗುತ್ತದೆ, ಸ್ನಾಯು ಕರಗುತ್ತದೆ, ಕೊಬ್ಬು ಸೊಂಟ, ತೊಡೆಗಳ ಕಡೆ ಸರಿಯುತ್ತದೆ. ಒಡೆದ ದನಿ ಮೊದಲಿನಂತಾಗುವುದಿಲ್ಲ, ಗಡ್ಡವೂ ಹೋಗುವುದಿಲ್ಲ. ಇದು ಸಾಕು, ಅದು ಬೇಡ ಎಂದು ಆರಿಸಿಕೊಳ್ಳುವ ಹಾಗಿಲ್ಲ, ಪ್ರಮಾಣ ಕಡಿಮೆ ಮಾಡಿದರೂ ಇಲ್ಲ. ಇದನ್ನು ವೈದ್ಯೆ ಮೂರು ಸಲ ಹೇಳಿದರು.

ನಿಲ್ಲಿಸಿದರೆ? ಟೆಸ್ಟೋಸ್ಟಿರೋನ್ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಮರಳುತ್ತದೆ, ಚರ್ಮ, ಸ್ನಾಯು, ಕೊಬ್ಬು ಹಳೆಯ ಜಾಗಕ್ಕೆ ಬರುತ್ತವೆ. ಎದೆಯಲ್ಲಿ ಬೆಳೆದದ್ದು ಮಾತ್ರ ಉಳಿಯುತ್ತದೆ. ವೀರ್ಯಾಣುಗಳೂ ಮರಳಬಹುದು, ಮರಳದೆಯೂ ಇರಬಹುದು. ಅದಕ್ಕೆ ಮೊದಲೇ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ. ನಮ್ಮ ಗಂಗೆ ಬೆದೆಗೆ ಬಂದಾಗ ಪಶುವೈದ್ಯರು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದ ಕ್ಯಾನು ನೆನಪಿಸಿಕೋ. ಮುಚ್ಚಳ ತೆಗೆದರೆ ಬಿಳಿ ಹೊಗೆ ನೆಲಕ್ಕೆ ಹರಿಯುತ್ತಿತ್ತಲ್ಲ, ಅದೇ ವಿಧಾನ. ಶುರು ಮಾಡುವುದಾದರೆ ಇದನ್ನು ಮಾಡಿಸಿಯೇ ಮಾಡುತ್ತೇನೆ.

ಹಾಗಾದರೆ ಮೈಗೂ ಮನಸ್ಸಿಗೂ ಹೀಗೆ ಹೊಂದದಿರುವುದು ಕಾಯಿಲೆಯೇ ಎಂದರೆ, ವಿಶ್ವ ಆರೋಗ್ಯ ಸಂಸ್ಥೆ 2022ರ ಜನವರಿಯಲ್ಲಿ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ. ಈ ಚಿಕಿತ್ಸೆಗೆಂದು ಹಲವು ದೇಶಗಳ ವೈದ್ಯರು ನೋಡುವ ಮಾರ್ಗಸೂಚಿಯ ಎಂಟನೆಯ ಆವೃತ್ತಿಯೂ ಅದೇ ವರ್ಷ ಬಂತು. ಅದರಲ್ಲಿ ಗಂಡು, ಹೆಣ್ಣು ಎರಡರಲ್ಲಿಯೂ ಪೂರ್ತಿ ಕೂರದವರಿಗೆಂದೇ ಒಂದು ಅಧ್ಯಾಯವಿದೆ. ಎಲ್ಲರೂ ಒಂದೇ ಊರಿಗೆ ಹೋಗಬೇಕೆಂದೇನೂ ಇಲ್ಲ, ದಾರಿಯಲ್ಲಿ ಇಳಿದುಕೊಳ್ಳಬಹುದು ಎಂದು ವೈದ್ಯೆ ಹೇಳಿದಾಗ ನನಗೆ ಕಣ್ಣು ತುಂಬಿತು.

ಈಗ ರಕ್ತ ಹೆಪ್ಪುಗಟ್ಟುವ ವಿಷಯ. ಈಸ್ಟ್ರೋಜೆನ್ನಿನಿಂದ ಆ ಅಪಾಯ ಹೆಚ್ಚುತ್ತದೆ. ಮಾತ್ರೆ ನುಂಗಿದರೆ ಅದು ಮೊದಲು ಯಕೃತ್ತನ್ನು ಹಾದು ಹೋಗಿ, ಹೆಪ್ಪುಗಟ್ಟಿಸುವ ಅಂಶಗಳನ್ನು ಏರಿಸುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಆ ಭಯ ಕಡಿಮೆ. ನಿನಗೆ ಇಲ್ಲಿಯವರೆಗೆ ಹೇಳದ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿದ್ದಾಗ, ಇಪ್ಪತ್ತೆರಡರ ವಯಸ್ಸಿನಲ್ಲಿ, ಔಷಧಿ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ಯಾರಿಗೂ ಹೇಳದೆ ಒಂಬತ್ತು ದಿನ ನುಂಗಿದ್ದೆ. ಹತ್ತನೆಯ ದಿನ ಮೀನಖಂಡ ಸೆಳೆಯಿತು. ದೊಡ್ಡಪ್ಪನ ಕಾಲು ಕಣ್ಣಮುಂದೆ ಬಂದು, ಇಡೀ ರಾತ್ರಿ ಹಾಸಿಗೆಯಲ್ಲಿ ಕಾಲನ್ನು ಅದುಮಿ ಅದುಮಿ ನೋಡಿಕೊಂಡೆ. ಬೆಳಿಗ್ಗೆ ಉಳಿದದ್ದನ್ನು ಬಿಸಾಡಿದೆ. ಆ ಮಾತ್ರೆಗಳಲ್ಲಿರುವ ಎಥಿನೈಲ್ ಎಸ್ಟ್ರಡಯಾಲ್‌ನಿಂದ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಈ ಚಿಕಿತ್ಸೆಯಲ್ಲಿ ಈಗ ಅದನ್ನು ಬಳಸಬಾರದು ಎನ್ನುತ್ತಾರೆ ಎಂದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಕದ್ದು ಮಾಡಿದ್ದು ಸಾಕು ಎಂದು ಆಗಲೇ ತೀರ್ಮಾನಿಸಿದ್ದೆ. ಈ ಪತ್ರಕ್ಕೆ ಅದೂ ಒಂದು ಕಾರಣ.

ಈ ಸಲ ಎಲ್ಲವನ್ನೂ ಅಳೆದು ಮಾಡುತ್ತಾರೆ. ಶುರುವಿಗೆ ಮೊದಲು ರಕ್ತಪರೀಕ್ಷೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ. ಒಂದು ಹಾರ್ಮೋನನ್ನು ತಗ್ಗಿಸಿ ಇನ್ನೊಂದನ್ನು ಸಾಕಷ್ಟು ಕೊಡದಿದ್ದರೆ ಮೂಳೆ ಸವೆಯುತ್ತದಂತೆ, ಆದ್ದರಿಂದ ಕಡಿಮೆ ಎಂದರೆ ಸುರಕ್ಷಿತ ಎಂದಲ್ಲ. ಇದನ್ನು ಕೇಳುವಾಗ ನನಗೆ ಅಪ್ಪಯ್ಯ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುತ್ತಿದ್ದದ್ದೇ ನೆನಪಾಯಿತು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೊನೆಗಾರ ಮರದ ಬುಡದಲ್ಲಿ ಕಾಯುತ್ತಿದ್ದರೂ ಅಪ್ಪಯ್ಯ ಅವಸರ ಮಾಡುತ್ತಿರಲಿಲ್ಲ. ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ಹಿಡಿದು, ಮೇಲೆತ್ತಿ ಬೆಳಕಿಗೆ ತಿರುಗಿಸುತ್ತಿದ್ದ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಗೊನೆ ಸುಡುತ್ತದೆ. ಈ ವರ್ಷದ ಎರಡನೇ ಔಷಧಿ ಹೊಡೆಸಿದ್ದಾಯಿತೇ? ಮಳೆ ಬಿಡುವು ಕೊಟ್ಟಿತೇ? ಅಮ್ಮ ಫೋನಿನಲ್ಲಿ ಎಲ್ಲ ಸರಿ ಇದೆ ಎಂದಷ್ಟೇ ಹೇಳುತ್ತಾಳೆ, ನೀನು ನಿಜ ಬರೆ.

ಅಮ್ಮನ ವಿಷಯ. 2021ರಲ್ಲಿ ಮಂಗಳಮುಖಿ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸುವ ಮೊದಲು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟಿ.ವಿ.ಯಲ್ಲಿ ನೋಡಿ, ‘ಹೆತ್ತ ತಾಯಿ ತೆಗೆದ ಹಾಗೆ ತೆಗೆದಳು’ ಎಂದಿದ್ದಳಂತೆ. ನೀನೇ ನನಗೆ ಹೇಳಿದ್ದು. ಆ ಒಂದು ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಅವರ ದಾರಿ ಬೇರೆ, ಕಂಡ ಕಷ್ಟ ಬೇರೆ. ಅವರ ಹೆಸರಿನ ನೆರಳಿನಲ್ಲಿ ನಿಲ್ಲುವ ಹಕ್ಕು ನನಗಿಲ್ಲ. ಅಮ್ಮನ ಮನಸ್ಸಿನಲ್ಲಿ ಜಾಗವಿದೆ ಎಂದು ಮಾತ್ರ ಅದರಿಂದ ಅಂದುಕೊಂಡಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಅಪ್ಪಯ್ಯನ ತಿಥಿ. ಮಾಘದಲ್ಲಿ ನಾನು ಬರಲೇಬೇಕು, ಬರುತ್ತೇನೆ. ಅಂಗಿ ಇಲ್ಲದೆ, ಜನಿವಾರವನ್ನು ಅಪಸವ್ಯ ಮಾಡಿಕೊಂಡು, ಭಟ್ಟರ ಎದುರು ಕೂರಬೇಕು. ಈಗಲೇ ಶುರು ಮಾಡಿದರೆ ಅಷ್ಟು ಹೊತ್ತಿಗೆ ಎದೆ ಸ್ವಲ್ಪವಾದರೂ ಬದಲಾಗಿರುತ್ತದೆ. ಶಲ್ಯ ಹೊದ್ದು ಮರೆಮಾಡಬಹುದೇನೋ, ಆದರೆ ಅಪ್ಪಯ್ಯನಿಗೆ ಎಳ್ಳು ನೀರು ಬಿಡುವಾಗ ಮೈ ಮುಚ್ಚಿಕೊಳ್ಳುವ ಚಿಂತೆಯಲ್ಲಿ ಕೂರಲು ನನಗೆ ಇಷ್ಟವಿಲ್ಲ. ಅದಕ್ಕೆ ಈ ವರ್ಷದ ತಿಥಿ ಕಳೆದ ಮೇಲೆ ಶುರು ಮಾಡುವುದೆಂದು ಯೋಚಿಸಿದ್ದೇನೆ. ಅದರ ಮುಂದಿನ ವರ್ಷ ಕೂರುವಾಗ ಮೈ ಹೇಗಿರುತ್ತದೋ ಹಾಗೆ ಕೂರುತ್ತೇನೆ. ನೀನು ಅಡುಗೆಮನೆಯಲ್ಲಿ ವಡೆ ಕರಿಯುತ್ತಿರದೆ, ಸ್ವಲ್ಪ ಹೊತ್ತು ಬಾಗಿಲ ಹತ್ತಿರ ಬಂದು ನಿಂತಿದ್ದರೆ ನನಗೆ ಧೈರ್ಯ.

ಜಾತಕ ತರಿಸುವುದನ್ನು ಅಮ್ಮ ಈಗ ನಿಲ್ಲಿಸಬೇಕು. ನನ್ನ ಮೈ ಮನಸ್ಸಿನ ಲೆಕ್ಕ ನನಗೇ ಸಿಗದಿರುವಾಗ ಇನ್ನೊಬ್ಬರ ಮನೆಯ ಹುಡುಗಿಯನ್ನು ಒಪ್ಪಿಸಿ ಕರೆತರುವುದು ಅನ್ಯಾಯ. ಇದರಲ್ಲಿ ಮಾತ್ರ ನಾನು ಕದಲುವುದಿಲ್ಲ.

ಆರು ತಿಂಗಳಾದ ಮೇಲೆ ಏನು ಎಂದು ಕೇಳಬಹುದು. ನೆಮ್ಮದಿ ಸಿಗದಿದ್ದರೆ ನಿಲ್ಲಿಸುತ್ತೇನೆ. ಸಿಕ್ಕರೆ, ಮುಂದುವರಿಸುವ ಮೊದಲು ನಿನಗೆ ಬರೆಯುತ್ತೇನೆ. ದೊಡ್ಡಪ್ಪನದು ಹೆಪ್ಪುಗಟ್ಟಿದ್ದೇ ಆಗಿದ್ದರೆ ವೈದ್ಯೆ ಇನ್ನಷ್ಟು ಪರೀಕ್ಷೆ ಮಾಡಿಸಬಹುದು, ಬೇಡವೆಂದೇ ಹೇಳಬಹುದು. ಹಾಗೆಂದರೆ ಕೇಳುತ್ತೇನೆ.

ಅಮ್ಮನಿಗೆ ನಾನೇ ಹೇಳುತ್ತೇನೆ, ಮಾಘದಲ್ಲಿ, ಎದುರು ಕೂತು. ಅಲ್ಲಿಯವರೆಗೆ ನಿನ್ನಲ್ಲೇ ಇರಲಿ. ಪೆಟ್ಟಿಗೆ ತೆಗೆಯುವಾಗ ಯಾಕೆಂದು ಕೇಳಿದರೆ ಸುಳ್ಳು ಹೇಳಬೇಡ, ತಮ್ಮನ ಡಾಕ್ಟರು ಮನೆಯವರ ಆರೋಗ್ಯದ ವಿವರ ಕೇಳಿದ್ದಾರೆ ಎಂದರೆ ಸಾಕು. ಬೀಗದ ಕೈ ದೇವರ ಕೋಣೆಯ ಗೂಡಿನಲ್ಲಿ, ಗಂಧದ ಕೊರಡಿನ ಹಿಂದಿದೆ. ಪ್ರತಿ ಹಾಳೆಯ ಎರಡೂ ಬದಿಯ ಫೋಟೋ ತೆಗೆದು ಕಳಿಸು. ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರಬಹುದು, ಎಳೆಯಬೇಡ, ಒಲೆಯ ಮೇಲಿನ ಅಟ್ಟದಲ್ಲಿ ಒಂದು ದಿನ ಇಟ್ಟು ಆಮೇಲೆ ಬಿಡಿಸು.

ಇಂತಿ ನಿನ್ನ
ತಮ್ಮ